ರೋಗಿಯ ಮಾತು ಮತ್ತು ಗಣಕದ ಸಂಕೇತ

ರೋಗಿಯ ವೃತ್ತಾಂತವನ್ನು ಬರೆದಿಡುವ ಪದ್ಧತಿಯು ಈಗ ಕಾಗದವನ್ನು ಬಿಟ್ಟು ಗಣಕಯಂತ್ರವನ್ನು ಆಶ್ರಯಿಸುತ್ತಲಿರುವುದು. ಇಂತಹ ವಿದ್ಯುನ್ಮಾನ ಆರೋಗ್ಯ ದಾಖಲೆಗಳಿಗಾಗಿ ಭಾರತ ಸರ್ಕಾರವು 2013ರಲ್ಲಿ ನಿಯಮಾವಳಿಯೊಂದನ್ನು ಪ್ರಕಟಿಸಿ, 2016ರಲ್ಲಿ ಅದನ್ನು ಪರಿಷ್ಕರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ, ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಮತ್ತು ಕರ್ನಾಟಕ ಸರ್ಕಾರ ಈ ಮೂವರೂ ಕೂಡಿ ಸಿದ್ಧಪಡಿಸಿದ ‘ಇ-ಮನಸ್’ ತಂತ್ರಾಂಶವು 2020ರಲ್ಲಿ ಬಳಕೆಗೆ ಬಂದಿತು. ಇವುಗಳ ಯಂತ್ರಾಂಶದ ಪರೀಕ್ಷೆಯು ಆ ಶಾಸ್ತ್ರವನ್ನು ಬಲ್ಲವರ ಕೆಲಸ. ಆದರೆ ದಾಖಲೆಯೆಂಬುದು ಮೊದಲು ಒಂದು ಬರೆಹ. ಅದರಲ್ಲಿ ಯಾರ ಮಾತು ಯಾವ ಅರ್ಥದಲ್ಲಿ ನಿಂತಿದೆಯೆಂಬ ವಿಚಾರವು ಶಬ್ದಾರ್ಥವನ್ನು ಚರ್ಚಿಸುವವರಿಗೂ ಸೇರಿದುದಾಗಿದೆ.

ಸರ್ಕಾರದ ನಿಯಮಾವಳಿಯು ರೋಗಲಕ್ಷಣಗಳನ್ನು ಹೆಸರಿಸಲು ‘ಸ್ನೋಮೆಡ್ ಸಿ.ಟಿ.’ ಎಂಬ ಪರಿಭಾಷಾಕೋಶವನ್ನು ವಿಧಿಸಿರುವುದು. ಅದರಲ್ಲಿ ಒಂದೊಂದು ಅರ್ಥಕ್ಕೆ ಒಂದೊಂದು ಸಂಖ್ಯೆ. ಆ ಸಂಖ್ಯೆಗೆ ನಾನಾ ಭಾಷೆಗಳ ಹೆಸರುಗಳನ್ನು ಜೋಡಿಸಬಹುದು. ಒಂದು ಊರಿನಲ್ಲಿ ಬರೆದುದು ಮತ್ತೊಂದು ಊರಿನ ವೈದ್ಯನಿಗೆ ಸಂದೇಹವಿಲ್ಲದೆ ತಿಳಿಯಬೇಕಾದರೆ ಇಂತಹ ಸಂಕೇತವು ಅವಶ್ಯಕವೆಂಬುದು ಪೂರ್ವಪಕ್ಷ. ಇದನ್ನು ಒಪ್ಪತಕ್ಕದ್ದೇ. ಆದರೆ ಸಂಕೇತವು ರೋಗಿಯ ಮಾತಿನ ಪಕ್ಕದಲ್ಲಿರಬೇಕೋ, ಅದರ ಸ್ಥಾನವನ್ನೇ ಆಕ್ರಮಿಸಬೇಕೋ ಎಂಬುದೇ ಇಲ್ಲಿನ ಪ್ರಶ್ನೆ. ಸಿದ್ಧಪಟ್ಟಿಯೊಳಗಿನ ಒಂದು ಹೆಸರನ್ನು ಆರಿಸಿದರೆ ಬರೆಹ ಮುಗಿಯಿತೆಂದು ಭಾವಿಸುವ ತಂತ್ರಾಂಶದಲ್ಲಿ ರೋಗಿಯು ಆಡಿದ ಮಾತು ಉಳಿಯುವುದೇ ಇಲ್ಲ.

ಇದರ ಕೆಡುಕು ತತ್ಸಮ ಶಬ್ದಗಳಲ್ಲಿ ಸ್ಪಷ್ಟವಾಗಿ ತೋರುವುದು. ಸಂಸ್ಕೃತದಲ್ಲಿ ‘ಶೀತ’ವೆಂದರೆ ತಣ್ಪು, ಕನ್ನಡಿಗನು ‘ಶೀತವಾಗಿದೆ’ ಎಂದರೆ ಆಯುರ್ವೇದವು ಪ್ರತಿಶ್ಯಾಯವೆಂದು ಕರೆಯುವ ನೆಗಡಿ. ಶಾಸ್ತ್ರದಲ್ಲಿ ‘ಪಿತ್ತ’ವು ತ್ರಿದೋಷಗಳಲ್ಲೊಂದು, ಮನೆಮಾತಿನಲ್ಲಿ ‘ಪಿತ್ತವಾಗಿದೆ’ ಎಂದರೆ ಓಕರಿಕೆ, ತಲೆಸುತ್ತು. ವಿಶ್ವ ಆರೋಗ್ಯ ಸಂಸ್ಥೆಯು 2024ರ ಜನವರಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ರೋಗನಾಮಗಳನ್ನು ತನ್ನ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯ ಒಂದು ವಿಭಾಗವಾಗಿ ಪ್ರಕಟಿಸಿತು. ಹೀಗೆ ಶಾಸ್ತ್ರದ ಪದಗಳೂ ಸಂಕೇತಗಳಾದ ಮೇಲೆ, ಶಬ್ದಸಾಮ್ಯವನ್ನೇ ಅರ್ಥಸಾಮ್ಯವೆಂದು ಭ್ರಮಿಸುವ ಅವಕಾಶವು ಹೆಚ್ಚಾಗಿರುವುದು.

ಇದಕ್ಕಿಂತ ಅಪಾಯಕರವಾದುದು ‘ಆಯಾಸ’. ಕನ್ನಡದಲ್ಲಿ ಅದು ದಣಿವು. ತೆಲುಗಿನಲ್ಲಿ ‘ಆಯಾಸಂ’ ಏದುಸಿರನ್ನೂ ಉಬ್ಬಸವನ್ನೂ ಹೇಳುವುದು. ಬಾಗೇಪಲ್ಲಿ, ಪಾವಗಡಗಳ ಕಡೆಯ ತೆಲುಗು ಮನೆಮಾತಿನವಳೊಬ್ಬಳು ಬಸವನಗುಡಿಯ ಯಾವುದಾದರೊಂದು ಚಿಕಿತ್ಸಾಲಯದಲ್ಲಿ ಈ ಮಾತನ್ನಾಡಿದಳೆನ್ನೋಣ. ಬರೆದುಕೊಳ್ಳುವವನು ದಣಿವಿನ ಸಂಕೇತವನ್ನು ಆರಿಸಿದರೆ, ಹೃದಯದ ಅಥವಾ ಶ್ವಾಸಕೋಶದ ವ್ಯಾಧಿಯ ಸೂಚನೆಯು ಮರೆಯಾಗುವುದು. ಮೂಲಶಬ್ದವು ಉಳಿದಿಲ್ಲವಾದ ಕಾರಣ ಮುಂದಿನ ವೈದ್ಯನಿಗೆ ಆ ತಪ್ಪನ್ನು ಕಂಡುಹಿಡಿಯುವ ದಾರಿಯೂ ಇಲ್ಲ. ಓಲೆಯ ಪಾಠವನ್ನು ಅಡಿಯಲ್ಲಿ ಕಾಣಿಸದೆ, ತಾನು ತಿದ್ದಿದ ಪಾಠವನ್ನು ಮಾತ್ರ ಅಚ್ಚುಮಾಡಿಸುವ ಗ್ರಂಥಸಂಪಾದಕನ ದೋಷವೂ ಇಂತಹುದೇ. ಅಲ್ಲಿ ಕೆಡುವುದು ಕಾವ್ಯ. ಇಲ್ಲಿ ಕೆಡುವುದು ದೇಹ.

ರೋಗವನ್ನು ತಿಳಿಯಲು ಉಪಾಯಗಳು ಆರೆಂದು ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿದೆ: ಪಂಚೇಂದ್ರಿಯಗಳು ಐದು, ಪ್ರಶ್ನೆಯು ಆರನೆಯದು. ಇಂದ್ರಿಯಗಳ ಕೆಲಸವನ್ನು ಇಂದು ಬಹುಮಟ್ಟಿಗೆ ಯಂತ್ರಗಳು ವಹಿಸಿಕೊಂಡಿವೆ. ಪ್ರಶ್ನೆಗೆ ಬರುವ ಉತ್ತರವಾದರೋ ರೋಗಿಯ ನುಡಿಯಲ್ಲಿಯೇ ಇರತಕ್ಕದ್ದು. ಮನೋರೋಗಗಳಲ್ಲಂತೂ ಆ ನುಡಿಯೇ ಎಷ್ಟೋ ಸಲ ಲಕ್ಷಣವೂ ಆಗಿರುವುದು.

ಪರಿಹಾರವು ದುಸ್ಸಾಧ್ಯವಲ್ಲ. 2021ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಂಗೀಕರಿಸಿರುವ ‘ಎಫ್.ಎಚ್.ಐ.ಆರ್.’ ಎಂಬ ವಿನಿಮಯಕ್ರಮದಲ್ಲಿ, ಸಂಕೇತದ ಜೊತೆಗೆ ಅದಕ್ಕೆ ಮೂಲವಾದ ಮಾತನ್ನೂ ಬರೆಯಲು ಬೇರೆ ಸ್ಥಾನವುಂಟು. ಆದುದರಿಂದ ಈ ಲೋಪವನ್ನು ನಿಯಮದ ಮೇಲೆ ಹೊರಿಸುವಂತಿಲ್ಲ. ಕೊಟ್ಟಿರುವ ಸ್ಥಾನವನ್ನು ತುಂಬದಿರುವ ತಂತ್ರಾಂಶಕಾರರೇ ಇದಕ್ಕೆ ಹೊಣೆ. ರೋಗಿಯ ಮಾತು ಅವನ ನುಡಿಯಲ್ಲಿ, ಆ ನುಡಿಯ ಹೆಸರಿನೊಡನೆ, ಕನ್ನಡವಾದರೆ ಕನ್ನಡ ಲಿಪಿಯಲ್ಲಿ ಅಲ್ಲಿ ನಿಲ್ಲಬೇಕು. ದಾಖಲೆಯೊಳಗಿನ ವಿಷಯವು ರೋಗಿಯ ಸ್ವತ್ತೆಂದು 2016ರ ನಿಯಮಾವಳಿಯೇ ಹೇಳಿರುವಾಗ, ಅವನ ಮಾತನ್ನು ಕಳೆದುಹಾಕುವ ಅಧಿಕಾರವು ಯಾರಿಗೂ ಇಲ್ಲ.

ವಿದ್ವಾಂಸರ ಪಾಲಿನ ಕೆಲಸವೂ ಒಂದಿದೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟಿಸಿದ ನಿಘಂಟು ಮುಖ್ಯವಾಗಿ ಶಾಸನಗಳನ್ನೂ ಗ್ರಂಥಗಳನ್ನೂ ಆಧರಿಸಿದುದು. ಸೀಮೆಸೀಮೆಯ ಜನರು ತಮ್ಮ ಬೇನೆಯನ್ನು ಹೇಳಿಕೊಳ್ಳುವ ಮಾತುಗಳನ್ನು ಅರ್ಥಭೇದಗಳೊಡನೆ ಸಂಗ್ರಹಿಸಿ ತಂತ್ರಾಂಶಕಾರರ ಕೈಗೆ ಕೊಟ್ಟರೆ, ಆ ಕೋಶದಿಂದ ಭಾಷೆಗೂ ಲಾಭ, ರೋಗಿಗೂ ಲಾಭ.