ಹಲಗಲಿಯ ಲಾವಣಿ ಮತ್ತು ಅದರ ಹಿಂದಣ ಚರಿತ್ರೆ

‘ಹಲಗಲಿ ಬೇಡರು’ ಎಂಬ ಲಾವಣಿಯು ಹತ್ತನೆಯ ತರಗತಿಯ ಕನ್ನಡ ಪಠ್ಯಪುಸ್ತಕದಲ್ಲಿ ಸೇರಿದುದರಿಂದ ನಾಡಿನ ಮನೆಮನೆಗೂ ಪರಿಚಿತವಾಯಿತು. ಪೀಣ್ಯದ ಕಾರ್ಖಾನೆಗಳ ನೆರೆಯಲ್ಲಿ ನೆಲಸಿರುವ ಬಾಗಲಕೋಟೆಯ ಕಡೆಯ ಸಂಸಾರಗಳಿಗೆ ಅದು ತವರಿನ ಮಾತು. ಉಳಿದವರಿಗೆ ಪರೀಕ್ಷೆಯ ಪದ್ಯ. ಅದನ್ನು ಸ್ವಾತಂತ್ರ್ಯಸಂಗ್ರಾಮದ ಗೀತವೆಂದು ಬೋಧಿಸುವುದು ರೂಢಿಯಾಗಿದೆ. ರೂಢಿಯು ತಪ್ಪಲ್ಲ, ಆದರೆ ಲಾವಣಿಕಾರನು ಹೇಳಿದ್ದು ಇದಕ್ಕಿಂತ ಕಿರಿದಾದದ್ದು, ಕಿರಿದಾದುದರಿಂದಲೇ ಹೆಚ್ಚು ದೃಢವಾದದ್ದು.

ನಡೆದ ಸಂಗತಿ ಇಷ್ಟು. 1857ರ ದಂಗೆಗೆ ಬೆದರಿದ ಕಂಪನಿ ಸರಕಾರವು, ಅನುಮತಿಪತ್ರವಿಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಕೂಡದೆಂದು ಅದೇ ವರ್ಷ ಕಾಯಿದೆ ಮಾಡಿತು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನೂ, 14ರಂದು ಹಲಗಲಿಯಲ್ಲಿ 6 ಮಂದಿಯನ್ನೂ ಗಲ್ಲಿಗೇರಿಸಿದರು.

ಲಾವಣಿಯಲ್ಲಿ ಹುಕುಂ ವಿಲಾಯತಿಯಿಂದ ಬರುತ್ತದೆ. ಕಾಯಿದೆ ಹುಟ್ಟಿದ್ದಾದರೋ ಕಲ್ಕತ್ತೆಯಲ್ಲಿ. ಚರಿತ್ರಕಾರನು ಇದನ್ನು ಪ್ರಮಾದವೆಂದು ತಿದ್ದಬಹುದು. ಮುಧೋಳದ ಅರಮನೆಯೇ ದೂರವಾಗಿದ್ದ ಬೇಡನಿಗೆ ಕಲ್ಕತ್ತೆಗೂ ಲಂಡನ್ನಿಗೂ ಏನು ಭೇದ? ಕಾಣದ ಊರಿನ ಕಾಗದವು ತನ್ನ ಗೂಟದ ಮೇಲಿನ ಕತ್ತಿಯನ್ನು ಕೇಳಿತೆಂಬುದೇ ಅವನ ಅನುಭವ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಕೂಡಿ ಮಾಡುವ ಆಲೋಚನೆಯಲ್ಲಿ ದೇಶದ ಮಾತಿಲ್ಲ. ಹತಿಯಾರ ಹೋದರೆ ಜೀವವೂ ಹೋದಂತೆಂಬ ಮಾತಿದೆ. ಬೇಟೆ, ಕಾವಲು, ದಂಡಿನ ಚಾಕರಿಗಳಿಂದ ಬದುಕುವ ಕುಲಕ್ಕೆ ಇದು ಅಲಂಕಾರವಲ್ಲ, ಲೆಕ್ಕ.

ಲಾವಣಿಯ ಜೀವವಿರುವುದು ಸುಲಿಗೆಯ ವರ್ಣನೆಯಲ್ಲಿ. ಕೊಡಲಿ, ಕಬ್ಬಿಣ, ಹಾಲು, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಅಕ್ಕಿ, ಬೆಲ್ಲ — ಅಡಿಗೆಮನೆಯನ್ನೂ ಹಿತ್ತಿಲನ್ನೂ ಗುಡಿಸಿದಂತೆ ಒಂದೊಂದನ್ನೇ ಹೆಸರಿಸುತ್ತಾನೆ. ಆಲಂಕಾರಿಕರು ಇಂಥ ಪಟ್ಟಿಯಲ್ಲಿ ರಸವೆಲ್ಲಿಯದೆಂದು ಕೇಳಿಯಾರು. ಊರು ಸುಟ್ಟಿತೆಂದು ಒಂದೇ ಮಾತಿನಲ್ಲಿ ಹೇಳಿದ್ದರೆ ಕೇಳಿದವರು ಮರುಗಿ ಮರೆಯುತ್ತಿದ್ದರು. ಜೀರಿಗೆಯನ್ನೂ ಬಿಡಲಿಲ್ಲವೆಂದಾಗ ಹೆಂಗಸರು ನಿಟ್ಟುಸಿರಿಡುತ್ತಾರೆ. ಕರುಣವು ಇಲ್ಲಿ ವಿಭಾವಗಳನ್ನು ಸಂತೆಯ ಗಂಟಿನಿಂದಲೇ ಎತ್ತಿಕೊಂಡಿದೆ. ಸರಕಾರದ ದಫ್ತರವು ಗಲ್ಲಿಗೇರಿದವರನ್ನು ಎಣಿಸಿತು; ಲಾವಣಿಯು ಕಳೆದುಹೋದ ಬದುಕನ್ನು ಎಣಿಸಿತು. ವೀರರಸವೊಂದನ್ನೇ ಹುಡುಕುವ ಅಧ್ಯಾಪಕರು ಈ ಸಾಲುಗಳನ್ನು ಬೇಗ ದಾಟಿಬಿಡುವುದು ವಿಷಾದಕರ.

ಆಂಗ್ಲರಲ್ಲಿಯೂ ಇದೇ ಕಾಲದ ಒಂದು ಜನಪದ ಗೀತವುಂಟು. 1845ರಲ್ಲಿ ಉತ್ತರಧ್ರುವದ ಕಡೆಯ ಹಿಮಸಮುದ್ರದಲ್ಲಿ ದಾರಿ ಹುಡುಕಲು ಹೋದ ಸರ್ ಜಾನ್ ಫ್ರಾಂಕ್ಲಿನ್ನನ ಎರಡು ಹಡಗುಗಳೂ 129 ಮಂದಿಯೂ ಮರಳಲಿಲ್ಲ. ಮುಳುಗಿದ ಆ ಹಡಗುಗಳು ಕಣ್ಣಿಗೆ ಬಿದ್ದದ್ದು 2014 ಮತ್ತು 2016ರಲ್ಲಿ. ಗೀತದಲ್ಲಿ ಹಾಡುವವನು ನಾವಿಕನೇ. ಆದರೂ ಅವನ ಕನಸಿಗೆ ಬರುವುದು ಫ್ರಾಂಕ್ಲಿನ್ನನ ಪತ್ನಿಯ ಶೋಕ. ಜೊತೆಗೆ ಸತ್ತ ಸಾಮಾನ್ಯ ನಾವಿಕರು ಅಲ್ಲಿ ಹೆಸರಿಲ್ಲದ ಗುಂಪು. ಹಲಗಲಿಯ ಹಾಡಿನಲ್ಲಿ ದೊರೆಯೂ ಇಲ್ಲ, ದೊರೆಸಾನಿಯೂ ಇಲ್ಲ. ಜಡಗನಿಗೂ ಬಾಲನಿಗೂ ಹೆಸರಿದೆ.

ಹೆಸರಿಲ್ಲದವನು ಲಾವಣಿಕಾರನೊಬ್ಬನೇ. ತನ್ನ ಗುರುತಾಗಿ ಅವನು ಬಿಟ್ಟುಹೋದದ್ದು ಗದಗಿನ ಸಮೀಪದ ಕುರ್ತಕೋಟಿಯೆಂಬ ಊರನ್ನೂ ಅಲ್ಲಿಯ ಕಲ್ಮೇಶ ದೇವರನ್ನೂ. ಸುಟ್ಟ ಊರಿನ ಸುದ್ದಿಯು ಅಷ್ಟು ದೂರ ನಡೆದು ಬಂದು ಹಾಡಾಯಿತು.