ಪದಾರ್ಥವೂ ಪದಾರ್ಥವೂ

ಕಾವ್ಯದ ಅನುವಾದವೇ ಕಷ್ಟ, ಶಾಸ್ತ್ರದ ಅನುವಾದಕ್ಕೆ ನಿಘಂಟೊಂದಿದ್ದರೆ ಸಾಕು ಎಂಬ ಮಾತನ್ನು ನಾನು ಒಪ್ಪಲಾರೆ. ಹೆಲಿಕಾಪ್ಟರಿನ ಭಾಗಗಳಿಗೆ ಫ್ರೆಂಚರಿಟ್ಟ ಹೆಸರುಗಳನ್ನು ಇಂಗ್ಲಿಷಿಗೆ ತರುವ ಕೆಲಸವನ್ನೇ ನೋಡಬಹುದು. ಬಾಲದ ತುದಿಯ ಚಕ್ರಕ್ಕೆ ಫ್ರೆಂಚಿನಲ್ಲಿ ‘ರೋಟೋರ್ ಆಂತಿಕೂಪ್ಲ್’ ಎಂದು ಹೆಸರು. ‘ಕೂಪ್ಲ್’ ಎಂದರೆ ದಂಪತಿಗಳೆಂದೂ ನಿಘಂಟಿನಲ್ಲಿದೆ. ಯಂತ್ರಶಾಸ್ತ್ರದಲ್ಲಿ ಅದು ತಿರುಚುವ ಬಲ. ನೆತ್ತಿಯ ರೆಕ್ಕೆಗಳು ಒಂದು ಕಡೆಗೆ ತಿರುಗಿದರೆ ವಿಮಾನದ ಒಡಲು ಇನ್ನೊಂದು ಕಡೆಗೆ ತಿರುಗಲೆಳಸುತ್ತದೆ. ಅದನ್ನು ತಡೆಯುವುದೇ ಈ ಚಕ್ರದ ಕೆಲಸ. ಇಂಗ್ಲಿಷಿನಲ್ಲಿ ಇದು ‘ಟೇಲ್ ರೋಟರ್’. ಫ್ರೆಂಚರು ಕೆಲಸವನ್ನು ಹೆಸರಿಸಿದರು, ಇಂಗ್ಲಿಷರು ಸ್ಥಳವನ್ನು.

‘ಪ್ಲಾತೊ ಸಿಕ್ಲಿಕ್’ ಎಂಬುದನ್ನು ‘ಸೈಕ್ಲಿಕ್ ಪ್ಲೇಟ್’ ಎಂದು ಪದಕ್ಕೆ ಪದವಿಟ್ಟರೆ, ‘ಸ್ವಾಶ್‌ಪ್ಲೇಟ್’ ಎಂದೇ ಬಲ್ಲ ಕಾರ್ಖಾನೆಯ ಮೆಕ್ಯಾನಿಕ್ ಏನನ್ನು ಹುಡುಕಬೇಕು? ಒಮ್ಮೊಮ್ಮೆ ಅನುವಾದಿಸದಿರುವುದೇ ವಿವೇಕ. 1968ರಲ್ಲಿ ಗಝೆಲ್‌ನ ಮಾದರಿಯೊಂದು ಬಾಲದೊಳಗೆ ಹುದುಗಿಸಿದ ಚಕ್ರದೊಡನೆ ಹಾರಿತು. ಅದರ ಹೆಸರು ‘ಫೆನೆಸ್ಟ್ರಾನ್’. ಪ್ರೊವೆನ್ಸಾಲ್ ನುಡಿಯಲ್ಲಿ ಪುಟ್ಟ ಕಿಟಕಿ. ಇಂಗ್ಲಿಷು ಆ ಹೆಸರನ್ನು ಹಾಗೆಯೇ ಉಳಿಸಿಕೊಂಡಿತು.

ಅನುವಾದಕನು ಪದವನ್ನಲ್ಲ, ಮೊದಲು ವಸ್ತುವನ್ನು ಅರಿಯಬೇಕು. ಕವಿತೆಯಲ್ಲಿ ಪದ ತಪ್ಪಿದರೆ ರಸಭಂಗ. ಇಲ್ಲಿ ತಪ್ಪಿದರೆ ಪ್ರಾಣಕ್ಕೇ ಅಪಾಯ.