ರಹದಾರಿಯಿಲ್ಲದ ಕೋವಿ

‘ಲೈಸೆನ್ಸ್ ಎವಿಡೆ?’ ಎಂದ ಪೊಲೀಸಿನವನಿಗೆ ಗೆಳೆಯನ ಮಾವ ಕಾರಿನಿಂದ ಇಳಿಯದೆಯೇ ಕೊಟ್ಟ ಉತ್ತರ: ‘ಲೈಸೆನ್ಸ್ ಇಲ್ಲ. ನಮಗೆ ಬೇಡ.’ ಮಾತು ಅಕ್ಷರಶಃ ನಿಜ. ಆದರೆ ಡಿಕ್ಕಿಯಲ್ಲಿ ಜೋಡಿ ನಳಿಗೆಯ ಕೋವಿ ಇಟ್ಟುಕೊಂಡವರು ಮುಸ್ಸಂಜೆಯಲ್ಲಿ ಗಡಿಯ ಗೇಟಿನೆದುರು ಆಡಬಾರದ ನಿಜ. ಕೋವಿಯ ಒಂದು ನಳಿಗೆ ಕೈಕೊಟ್ಟಿತ್ತು. ಕೇರಳದ ಕಡೆಯ ಪೇಟೆಯಲ್ಲಿ ಒಳ್ಳೆಯ ರಿಪೇರಿಯವನಿದ್ದಾನೆಂದು ಕೇಳಿ ಕೊಡಗಿನಿಂದ ಹೊರಟಿದ್ದೆವು. ಪೊಲೀಸಿನವನ ಮುಖ ಬದಲಾದದ್ದು ಕಂಡ ಮೇಲೆ ಮಾವ ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದರು. ಒಳಗೆ ಮಡಿಕೆಯಲ್ಲಿ ಸವೆದು ಟೇಪು ಹಚ್ಚಿಸಿಕೊಂಡ ವಿನಾಯಿತಿ ಪತ್ರ. ಪೂರ್ತಿ ಕನ್ನಡದಲ್ಲಿತ್ತು. ಆತ ಅದನ್ನು ಹಿಂದೆ ಮುಂದೆ ತಿರುವಿ, ಟಾರ್ಚು ಬಿಟ್ಟು, ಕೋವಿಯ ಮೇಲಿದ್ದ ನಂಬರನ್ನು ಹಾಳೆಯಲ್ಲಿ ಹುಡುಕಿದ. ಇರಲಿಲ್ಲ. ಆ ಹಾಳೆ ಮಾವ ಯಾರು ಎಂದು ಹೇಳುತ್ತಿತ್ತು, ಕೋವಿ ಯಾವುದು ಎಂದು ಹೇಳುತ್ತಿರಲಿಲ್ಲ.

ಕೊಡಗಿನ ಕೋವಿ ವಿನಾಯಿತಿಯ ಬಗ್ಗೆ ನಮ್ಮಲ್ಲಿ ನಡೆದಿರುವ ಚರ್ಚೆಯೆಲ್ಲ ‘ಯಾರಿಗೆ’ ಎಂಬುದರ ಸುತ್ತಲೇ. 1861ರಲ್ಲಿ, ಸಿಪಾಯಿ ದಂಗೆಯ ನಂತರ ದೇಶವೆಲ್ಲ ಆಯುಧ ಒಪ್ಪಿಸಬೇಕಾಗಿ ಬಂದ ಕಾಲದಲ್ಲಿ, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟ. ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ಅದು ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಕ್ಕೆ ವಿಸ್ತರಿಸಿತು. ಜಾತಿ, ಕುಲದ ಆಧಾರದ ಮೇಲೆ ಇಂಥ ರಿಯಾಯಿತಿ ಸರಿಯೇ ಎಂದು ಪ್ರಶ್ನಿಸಿದ ಅರ್ಜಿ ಹೈಕೋರ್ಟಿಗೆ ಹೋಗಿ, 2021ರ ಸೆಪ್ಟೆಂಬರಿನಲ್ಲಿ ವಿನಾಯಿತಿ ಊರ್ಜಿತವಾಯಿತು. ಕೊಡವರಿಗೂ, ಯಾವ ಸಮುದಾಯದವರಾದರೂ ಸರಿ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ, ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ನಳಿಗೆಯ ತುದಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವ, ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು ಗುಂಡು ಹಾರಿಸುವ ಮನೆಗಳಲ್ಲಿ ಇದು ದೊಡ್ಡ ಮಾತು. ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ಯಾರೂ ಓದದ ಒಂದು ವಾಕ್ಯದ ಬಗ್ಗೆ. ವಿನಾಯಿತಿ ಪಡೆದವರು ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ಒಂದು ರೈಫಲ್ ಮತ್ತು ಅದಕ್ಕೆ 100 ತೋಟಾ, ಒಂದು ಸಾದಾ ನಳಿಗೆಯ ಕೋವಿ ಮತ್ತು ಅದಕ್ಕೆ 500 ತೋಟಾ, ಇಲ್ಲವೇ ಅಷ್ಟೇ ಪ್ರಮಾಣದ ಸೀಸದ ಚರೆ ಮತ್ತು ಮದ್ದು, ಇದಕ್ಕಿಂತ ಹೆಚ್ಚು ಹೊಂದಿರಬಾರದು. ಗಡಿ ದಾಟುವ ಕೋವಿಯ ಬಗ್ಗೆ ಇಡೀ ವಿನಾಯಿತಿಯಲ್ಲಿರುವ ಮುಖ್ಯ ಮಾತು ಇದೊಂದೇ.

ಒಂದು ಕಡೆಯಿಂದ ನೋಡಿದರೆ ಜಾಣ ವಾಕ್ಯ. ಜಮ್ಮಾ ಹಕ್ಕು ನೆಲಕ್ಕೆ ಅಂಟಿಕೊಂಡದ್ದು, ಆದರೂ ಕೋವಿ ನೆಲ ಬಿಟ್ಟು ಹೊರಟಾಗ ಹಕ್ಕನ್ನು ಕಿತ್ತುಕೊಳ್ಳದೆ ಅಳತೆ ಹಾಕಿದ್ದಾರೆ. ತಮಾಷೆಯೆಂದರೆ 2019ರ ಡಿಸೆಂಬರಿನ ತಿದ್ದುಪಡಿ ದೇಶದ ಸಾಮಾನ್ಯ ಲೈಸೆನ್ಸುದಾರನ ಮಿತಿಯನ್ನು ಮೂರು ಬಂದೂಕಿನಿಂದ ಎರಡಕ್ಕೆ ಇಳಿಸಿತು. ಕೊಡಗಿನವನು ಪ್ರಯಾಣದಲ್ಲಿ ಇಟ್ಟುಕೊಳ್ಳಬಹುದಾದ ಲೆಕ್ಕಕ್ಕೆ ಇಡೀ ದೇಶ ಬಂದು ನಿಂತಂತಾಯಿತು.

ಆದರೆ ಆ 500 ನೋಡಿ. ಹನ್ನೆರಡು ಬೋರಿನ ತೋಟಾ ಒಂದು ಸುಮಾರು ನಲವತ್ತು ಗ್ರಾಂ ತೂಗುತ್ತದೆ. ಐನೂರು ಅಂದರೆ ಇಪ್ಪತ್ತು ಕಿಲೋ. ವಿಮಾನದಲ್ಲಿ ಹೋಗುವವನಿಗೆ ಅಂತಾರಾಷ್ಟ್ರೀಯ ನಿಯಮ ಬಿಡುವುದು ಪೆಟ್ಟಿಗೆಯೂ ಸೇರಿ 5 ಕಿಲೋ. ಸೀಸದ ಚರೆ, ಮದ್ದು ಎಂಬ ಮಾತುಗಳಲ್ಲಂತೂ ಕೇಪಿನ ಕೋವಿ ಹೊತ್ತು ಘಟ್ಟ ಇಳಿಯುತ್ತಿದ್ದ ಕಾಲದ ವಾಸನೆ ಇದೆ. ಎಷ್ಟು ಒಯ್ಯಬಹುದು ಎಂದು ಇಷ್ಟು ಧಾರಾಳವಾಗಿ ಹೇಳಿದ ವಾಕ್ಯ, ಕೇಳಿದವರಿಗೆ ಏನು ತೋರಿಸಬೇಕು ಎಂಬಲ್ಲಿ ಬಾಯಿ ಬಿಡುವುದಿಲ್ಲ.

ಇದಕ್ಕಿಂತ ಅಪಾಯದ ವಿಷಯ ಕಾಡು. ವಿನಾಯಿತಿ ಇರುವುದು ಶಸ್ತ್ರಾಸ್ತ್ರ ಕಾಯ್ದೆಯಿಂದ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಲ್ಲ. ಆ ಕಾಯ್ದೆಯ 27ನೇ ಕಲಮು ಅಭಯಾರಣ್ಯದೊಳಗಿನ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವನನ್ನು ಬಿಡುತ್ತದೆ. ನಾಲ್ಕು ಕಲಮು ದಾಟಿದರೆ 31ನೆಯದು, ಲಿಖಿತ ಅನುಮತಿ ಇಲ್ಲದೆ ಯಾವ ಆಯುಧವನ್ನೂ ಒಳಗೆ ತರಬಾರದು ಎನ್ನುತ್ತದೆ. ಕುಟ್ಟದಿಂದ ತೋಲ್ಪೆಟ್ಟಿ ದಾಟಿ ಮಾನಂದವಾಡಿಗೆ ಹೋಗುವ ರಸ್ತೆ ವಯನಾಡು ಅಭಯಾರಣ್ಯದೊಳಗೇ ಹಾಯುತ್ತದೆ. ಬಸ್ಸಿನಲ್ಲಿ ನಿದ್ದೆ ಹೋದವನಿಗೆ ಎಲ್ಲಿ ಅಭಯಾರಣ್ಯ ಶುರು, ಎಲ್ಲಿ ಮುಗಿಯಿತು ಎಂಬುದೇ ತಿಳಿಯುವುದಿಲ್ಲ. ಪಕ್ಕದಲ್ಲಿ ಕೋವಿ ಇದ್ದರೆ ಅವನು ಒಂದು ಕಾಯ್ದೆಗೆ ಸಜ್ಜನ, ಇನ್ನೊಂದಕ್ಕೆ ಅಪರಾಧಿ. ಐನ್‌ಮನೆಯ ಜಗಲಿಯಲ್ಲಿ 1861ರ ಕಥೆಯನ್ನು ಎದೆಯುಬ್ಬಿಸಿ ಹೇಳುವವರ ಬಾಯಲ್ಲಿ ಈ 31ನೇ ಕಲಮನ್ನು ನಾನು ಒಮ್ಮೆಯೂ ಕೇಳಿಲ್ಲ.

ಗಡಿ ದಾಟುವ ಕೋವಿಯ ಈ ಗಂಟನ್ನು ಯುರೋಪಿನವರು ಬೇರೆ ರೀತಿ ಬಿಚ್ಚಲು ನೋಡಿದರು. ಒಳಗಡಿಗಳ ತಪಾಸಣೆ ತೆಗೆಯುವ ಮುನ್ನ, 1991ರಲ್ಲಿ, ಯುರೋಪಿಯನ್ ಸಮುದಾಯ ಬಂದೂಕಿಗೊಂದು ಪಾಸು ರೂಪಿಸಿತು. ಪಾಸ್‌ಪೋರ್ಟಿನಂತೆಯೇ. ವಾಸವಿರುವ ದೇಶ ಕೊಡುತ್ತದೆ, ಐದು ವರ್ಷ ನಡೆಯುತ್ತದೆ. ಅದರಲ್ಲಿ ಯಜಮಾನನ ಹೆಸರಿನ ಜೊತೆ ಅವನ ಒಂದೊಂದು ಬಂದೂಕಿನ ವಿವರವೂ ಇರುತ್ತದೆ, ಬಂದೂಕು ಕಳೆದರೆ, ಕಳುವಾದರೆ ಅದನ್ನೂ ಅಲ್ಲೇ ಬರೆಯಬೇಕು. ಬೇಟೆಗಾರ, ಗುರಿಕಾರ, ಹಳೆಯ ಯುದ್ಧಗಳನ್ನು ಮೈದಾನದಲ್ಲಿ ಮತ್ತೆ ಆಡಿ ತೋರಿಸುವ ಹವ್ಯಾಸಿ (ಹೌದು, ಅವರಿಗೂ ಜಾಗವಿದೆ), ಇವರು ಆ ಪಾಸು ಮತ್ತು ಆಮಂತ್ರಣದಂಥ ಒಂದು ಕಾಗದ ತೋರಿಸಿದರೆ ಸಾಮಾನ್ಯವಾಗಿ ಮುಂಗಡ ಅನುಮತಿ ಬೇಡ. ಪಾಸು ಒಪ್ಪಿಕೊಳ್ಳಲು ಯಾವ ದೇಶವೂ ಶುಲ್ಕ ಕೇಳುವಂತಿಲ್ಲ ಎಂದು ನಿಯಮದಲ್ಲೇ ಬರೆದಿದ್ದಾರೆ. ಇದನ್ನು ಬರೆದವನಿಗೆ ಗಡಿಯ ಗುಮಾಸ್ತರ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಹಾಗೆಂದು ಆ ಪಾಸನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಿಲ್ಲ. ಒಂದು ದೇಶ ಯಾವುದೋ ಬಗೆಯ ಬಂದೂಕನ್ನು ನಿಷೇಧಿಸಿದ್ದರೆ ಅಲ್ಲಿ ಪಾಸು ನಡೆಯದು, ಆ ಮಾತನ್ನು ಪಾಸಿನಲ್ಲೇ ನಮೂದಿಸುತ್ತಾರೆ. ಬೇಟೆ, ಕ್ರೀಡೆ, ಯುದ್ಧದ ಮರುಪ್ರದರ್ಶನ ಬಿಟ್ಟು ಬೇರೆ ಕಾರಣಕ್ಕೆ ಹೊರಟವನು ಹೋಗುವ ದೇಶದ ಒಪ್ಪಿಗೆ ಮೊದಲೇ ತರಬೇಕು. ಬ್ರಿಟನ್ ಒಕ್ಕೂಟದಿಂದ ಹೊರಬಿದ್ದ ಮೇಲೆ, 2021ರ ಜನವರಿ 1ರಿಂದ ಅಲ್ಲಿನ ಬೇಟೆಗಾರನ ಪಾಸಿಗೆ ಬೆಲೆಯಿಲ್ಲ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಮತ ಆ ಪಾಸಿಗೇ. ಹಕ್ಕಿನ ಲೆಕ್ಕದಲ್ಲಿ ಕೊಡಗಿನದು ಎಷ್ಟೋ ಉದಾರ. ಆದರೆ ಯುರೋಪಿನವನ ಕಾಗದವನ್ನು ಬರೆದಿರುವುದು ಗೇಟಿನಲ್ಲಿ ನಿಂತವನಿಗಾಗಿ. ಪೋರ್ಚುಗಲ್ಲಿನ ಪೊಲೀಸು ಫಿನ್‌ಲ್ಯಾಂಡಿನ ಬಂದೂಕಿನ ನಂಬರನ್ನು ಭಾಷೆ ಗೊತ್ತಿಲ್ಲದೆಯೂ ತಾಳೆ ನೋಡಬಲ್ಲ. ನಮ್ಮದು ಕೊಟ್ಟವರಿಗೂ ಪಡೆದವರಿಗೂ ಅರ್ಥವಾಗುತ್ತದೆ. ಮೂರನೆಯವನು ನಂಬಬೇಕು, ಇಲ್ಲವೇ ಫೋನು ಮಾಡಬೇಕು.

ನಮ್ಮ ಸಾಮಾನ್ಯ ಲೈಸೆನ್ಸುದಾರನ ಸ್ಥಿತಿಯೇ ಇಲ್ಲಿ ವಾಸಿ. ಅವನ ಪುಸ್ತಕದಲ್ಲಿ ಬಂದೂಕಿನ ನಂಬರಿದೆ, ಅದು ಎಲ್ಲೆಲ್ಲಿ ಊರ್ಜಿತ ಎಂಬ ಕಾಲಮ್ಮಿದೆ, ರಾಷ್ಟ್ರೀಯ ದತ್ತಾಂಶದಲ್ಲಿ ಅವನಿಗೊಂದು ವಿಶಿಷ್ಟ ಸಂಖ್ಯೆಯೂ ಇದೆ.

ಈಗಿನ ವಿನಾಯಿತಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ‘ಯಾರಿಗೆ’ ಎಂಬ ಜಗಳ ಮತ್ತೆ ಏಳುತ್ತದೆ, ಅದರ ಗದ್ದಲದಲ್ಲಿ ಪ್ರಯಾಣದ ವಾಕ್ಯ ಹಳೆಯ ಮದ್ದು, ಚರೆಗಳ ಸಮೇತ ಹಾಗೇ ನಕಲಾಗಿಬಿಡಬಹುದು. ಆ ವಾಕ್ಯವನ್ನು ಸರಿಪಡಿಸಲು ಹೆಚ್ಚೇನೂ ಬೇಡ: ಹೊರಗೆ ಹೋಗುವವನಿಗೆ ಫೋಟೊ ಇರುವ ಒಂದು ಕಿರುಪುಸ್ತಕ, ಕೋವಿಯ ನಂಬರು, ಕನ್ನಡದ ಪಕ್ಕದಲ್ಲಿ ಇಂಗ್ಲಿಷ್, ಮಲಯಾಳ, ಹಿಂದಿನ ಪುಟದಲ್ಲಿ 31ನೇ ಕಲಮಿನ ಎಚ್ಚರಿಕೆ. ಇದನ್ನು ಹೇಳಿದಾಗ ಮಾವ ಒಪ್ಪಲಿಲ್ಲ. ‘ಪುಸ್ತಕ ಹಿಡಿದ ಮೇಲೆ ಅದು ಲೈಸೆನ್ಸೇ ಆಯ್ತಲ್ಲ ಮಾರಾಯ’ ಅಂದರು.

ಅವತ್ತು ಗೇಟಿನಲ್ಲಿ ಒಂದು ಗಂಟೆಯ ಮೇಲೆ ಕಳೆಯಿತು. ಕೊನೆಗೆ ಹಿರಿಯ ಅಧಿಕಾರಿಯೊಬ್ಬರು ಬಂದು, ಯಾರಿಗೋ ಫೋನು ಮಾಡಿ, ನಮ್ಮನ್ನು ಬಿಡಲು ಹೇಳಿದರು. ಪೊಲೀಸಿನವನು ರಿಜಿಸ್ಟರಿನಲ್ಲಿ ಕಾರಿನ ನಂಬರು, ಮಾವನ ಹೆಸರು, ಊರು ಬರೆದುಕೊಂಡ. ಲೈಸೆನ್ಸ್ ನಂಬರಿನ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿ ನಮ್ಮ ಮುಖ ನೋಡಿದ. ಮಾವ ತಮ್ಮ ಆಧಾರ್ ಕಾರ್ಡು ಕೊಟ್ಟರು.